ಅಂಬಾಸಡರೋ, ಪದ್ಮಿನಿಯೋ?

ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತಿ ಹೊಂದಿತು. ಅಂಬಾಸಡರಿನ ತಯಾರಿಕೆ 2014ರಲ್ಲೇ ನಿಂತಿತ್ತು. ಗಾಡಿಗಳೆರಡೂ ಮರೆಯಾಗುತ್ತಿದ್ದರೂ, ನಮ್ಮ ಹಿರಿಯರು ನಾಲ್ವರು ಕಲೆತಲ್ಲಿ ‘ಯಾವುದು ಮೇಲು?’ ಎಂಬ ಚರ್ಚೆ ಮಾತ್ರ ನಿಂತಿಲ್ಲ. ಈ ವಾದಕ್ಕೆ ಅಭಿಮಾನವೊಂದೇ ಸಾಲದು. ಅಂಕಿಗಳನ್ನೂ ಮುಂದಿಟ್ಟುಕೊಂಡು ನೋಡೋಣ.

ಎರಡೂ ಪರದೇಶದ ಕೂಸುಗಳೇ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಡರಾಯಿತು. ಇಟಲಿಯ ಫಿಯಟ್ 1100 ನಮ್ಮ ಕುರ್ಲಾದಲ್ಲಿ ಪದ್ಮಿನಿಯಾಯಿತು. ಅಂಬಾಸಡರಿಗೆ ಬಹುಕಾಲ ಇದ್ದುದು 1489 ಸಿ.ಸಿ. ಎಂಜಿನ್, ಸುಮಾರು 50 ಅಶ್ವಶಕ್ತಿ. ಪದ್ಮಿನಿಯದು 1089 ಸಿ.ಸಿ., 40ರ ಆಸುಪಾಸು. ಇಷ್ಟನ್ನೇ ಓದಿದವರು ಅಂಬಾಸಡರಿಗೆ ಜಯಕಾರ ಹಾಕಿಬಿಡುತ್ತಾರೆ. ಆದರೆ ಅದರ ತೂಕ 1100 ಕಿಲೋ ದಾಟುತ್ತದೆ. ಪದ್ಮಿನಿ 900ರ ಒಳಗೆ. ಭಾಗಿಸಿ ನೋಡಿದರೆ ಟನ್ನಿಗೆ ಎರಡಕ್ಕೂ ಸಿಗುವುದು ಹೆಚ್ಚುಕಡಿಮೆ 45 ಅಶ್ವಶಕ್ತಿಯೇ!

ಹಾಗಾದರೆ ವ್ಯತ್ಯಾಸವೆಲ್ಲಿ? ಬಳಕೆಯಲ್ಲಿ. ಮೇ ತಿಂಗಳ ರಜೆಗೆ ತುಂಬು ಸಂಸಾರವನ್ನು ಹೇರಿಕೊಂಡು ಊರಿಗೆ ಹೊರಟಾಗ, ಖಂಬಾಟಕಿ ಘಾಟಿನಲ್ಲಿ ಅಂಬಾಸಡರಿನ ದೊಡ್ಡ ಎಂಜಿನ್ ಕಡಿಮೆ ವೇಗದಲ್ಲೂ ಭಾರ ಎಳೆಯುತ್ತಿತ್ತು. ಪದ್ಮಿನಿಯನ್ನು ಬೇಗನೆ ಕೆಳಗಿನ ಗೇರಿಗೆ ತಂದು ದುಡಿಸಬೇಕಾಗುತ್ತಿತ್ತು. ಅದೇ ಆಗುಂಬೆಯ ತಿರುವುಗಳಲ್ಲಿ, ಗಿರಗಾಂವಿನ ಗಲ್ಲಿಗಳಲ್ಲಿ ಪದ್ಮಿನಿಯದೇ ಮೇಲುಗೈ. ಅದರ ಮುಂದಿನ, ಹಿಂದಿನ ಗಾಲಿಗಳ ನಡುವಣ ಅಂತರ ಐದು ಅಂಗುಲ ಕಡಿಮೆ, ಮೈಯೂ ಹಗುರ. ಮೊಣಕಾಲು ನೋವಿನ ಅಜ್ಜಿಗೆ ಅಂಬಾಸಡರ್, ದಿನದ ಓಡಾಟಕ್ಕೆ ಪದ್ಮಿನಿ ಎಂಬುದೇ ನಮ್ಮ ತೀರ್ಪು.

ಇಲ್ಲಿಗೇ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ನಾವು ಇವುಗಳನ್ನು ಮೆಚ್ಚಿ ಆರಿಸಿದೆವೆನ್ನುವುದಕ್ಕಿಂತ, ಆರಿಸಲು ಬೇರೆ ಇರಲಿಲ್ಲವೆನ್ನುವುದೇ ಸರಿ. ಪರವಾನಗಿಯ ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿ ಇರುವಾಗ, ಹಳೆಯ ವಿನ್ಯಾಸವನ್ನು ತಿದ್ದುವ ಅವಸರ ತಯಾರಕರಿಗೆಲ್ಲಿಂದ ಬರಬೇಕು? 1983ರ ಕೊನೆಗೆ ಬಂದ ಮಾರುತಿಯ 796 ಸಿ.ಸಿ.ಯ ಪುಟ್ಟ ಗಾಡಿ ಆ ನೆಮ್ಮದಿಯನ್ನು ಕೆಡಿಸಿತು. ಅಷ್ಟು ದಿನ ಈ ಎರಡನ್ನೂ ಓಡಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ರಸ್ತೆಬದಿಯ ಮೆಕ್ಯಾನಿಕ್‌ಗಳಿಗೆ ಸಲ್ಲಬೇಕು.

‘ಆ ಕಾಲದ ಗಾಡಿ ಉಕ್ಕಿನ ಕೋಟೆ’ ಎಂಬ ಮಾತನ್ನು ನಾವೂ ಆಡಿದ್ದೇವೆ. ಆದರೆ ಮುಂದಿನ ಉದ್ದ ಸೀಟಿನಲ್ಲಿ, ಬೆಲ್ಟಿಲ್ಲದೆ, ಮಗುವನ್ನು ಮಡಿಲಲ್ಲಿ ಕೂಡಿಸಿಕೊಂಡು, ಡ್ರಂ ಬ್ರೇಕನ್ನು ನಂಬಿ ಘಟ್ಟ ಇಳಿದವರೂ ನಾವೇ. ಕ್ಷೇಮವಾಗಿ ಊರು ಸೇರಿದ್ದು ಚಾಲಕನ ಜಾಗರೂಕತೆಯಿಂದ, ದೈವಕೃಪೆಯಿಂದ. ಅದನ್ನು ಗಾಡಿಯ ಗುಣವೆಂದು ಮೊಮ್ಮಕ್ಕಳಿಗೆ ಹೇಳುವುದು ಬೇಡ. ಹಳೆಯದನ್ನು ಪ್ರೀತಿಯಿಂದ ನೆನೆಯೋಣ. ಮಕ್ಕಳಿಗೆ ಬೆಲ್ಟು ಕಟ್ಟಿಯೇ ಹೊರಡೋಣ.