ಬೆಂಕಿ ಹುಡುಕುವ ಕಣ್ಣು

ಸಿಂಗಸಂದ್ರದಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಪೀಣ್ಯ ಸಿಗುತ್ತದೆ. 1975ರ ಆರ್ಯಭಟ ಉಪಗ್ರಹ ರೂಪುಗೊಂಡದ್ದು ಅಲ್ಲಿನ ಶೆಡ್ಡುಗಳಲ್ಲಿ. ಇಂದು ಅಲ್ಲಿರುವ ಇಸ್ರೊದ ಲಿಯೋಸ್ ಪ್ರಯೋಗಾಲಯ, ಭೂಮಿಯ ಶಾಖವನ್ನು ಅತಿಗೆಂಪು ಕಿರಣಗಳಲ್ಲಿ ಹಿಡಿದು ಉಪಗ್ರಹ ದಿಕ್ಕು ತಪ್ಪದಂತೆ ಕಾಯುವ ಸೆನ್ಸರ್‌ಗಳನ್ನು ತಯಾರಿಸುತ್ತದೆ. ಶಾಖವನ್ನು ನೋಡುವ ವಿದ್ಯೆ ನಮ್ಮೂರಿಗೆ ಹೊಸದೇನಲ್ಲ.

ಆದರೆ ಕ್ಷಿಪಣಿಯ ಬೆಂಕಿಯನ್ನು ನೋಡುವುದು ಬೇರೆಯೇ ಕೆಲಸ. ಹಾಸನದಿಂದ ನಿಯಂತ್ರಿಸುವ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್‌ಗೂ ಅತಿಗೆಂಪು ಕಣ್ಣಿದೆ. ಅದು ಭೂಗೋಳದ ಪೂರ್ತಿ ಚಿತ್ರ ತೆಗೆಯಲು ಅರ್ಧ ಗಂಟೆಯಷ್ಟು ಹೊತ್ತು ಬೇಕು. ಮೋಡಕ್ಕೆ ಅದು ಸಾಕು. ಕ್ಷಿಪಣಿಯ ಎಂಜಿನ್ ಉರಿಯುವುದು ಕೆಲವೇ ನಿಮಿಷ. 1970ರಿಂದ ಹಾರತೊಡಗಿದ, ಕ್ಷಿಪಣಿಗಳ ಮೇಲೆ ಕಣ್ಣಿಡುವ ಅಮೆರಿಕದ ಡಿಎಸ್‌ಪಿ ಸರಣಿಯ ಉಪಗ್ರಹ ತನ್ನನ್ನೇ ತಾನು ಸುತ್ತುತ್ತ, 36,000 ಕಿ.ಮೀ. ಎತ್ತರದಿಂದ ಹತ್ತು ಸೆಕೆಂಡಿಗೊಮ್ಮೆ ಭೂಮಿಯನ್ನು ಸವರಿ ನೋಡುತ್ತಿತ್ತು. ಅದು ಆರಿಸಿಕೊಂಡ 2.7 ಮೈಕ್ರಾನ್ ಅಲೆಯುದ್ದದಲ್ಲಿ ನೆಲದ ಶಾಖವನ್ನು ಗಾಳಿಯ ತೇವಾಂಶ, ಇಂಗಾಲದ ಡೈಆಕ್ಸೈಡ್ ನುಂಗಿಬಿಡುತ್ತವೆ. ಆ ಕತ್ತಲ ಹಿನ್ನೆಲೆಯ ಮೇಲೆ ರಾಕೆಟ್ಟಿನ ಜ್ವಾಲೆ ಎದ್ದು ಕಾಣುತ್ತದೆ. ಇಷ್ಟು ಸರಳ ತರ್ಕದ ಮೇಲೆ ಇಷ್ಟು ದೊಡ್ಡ ಕಾವಲು ಕಟ್ಟಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ.

2006ರಿಂದ ಪರೀಕ್ಷೆಗೊಳ್ಳುತ್ತ ಬಂದಿರುವ ನಮ್ಮ ಕ್ಷಿಪಣಿ ತಡೆ ವ್ಯವಸ್ಥೆ ನಂಬಿಕೊಂಡಿರುವುದು ಸ್ವೋರ್ಡ್‌ಫಿಶ್‌ನಂಥ ರೇಡಾರುಗಳನ್ನು. ಭೂಮಿ ದುಂಡಗಿರುವುದರಿಂದ ಕ್ಷಿಪಣಿ ದಿಗಂತದ ಮೇಲಕ್ಕೆ ಬರುವ ತನಕ ರೇಡಾರು ಕುರುಡು. ಬೆಂಕಿ ಕಾಣುವ ಅಂಥ ಉಪಗ್ರಹವಿದ್ದರೆ ಆ ಹೊತ್ತು ಉಳಿಯುತ್ತದೆ. ಎಂಜಿನ್ ಆರಿದ ಮೇಲೆ ಸರದಿ ಮತ್ತೆ ರೇಡಾರಿನದೇ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಹಾಗೆಂದು ಕಂಡದ್ದೆಲ್ಲ ಬೆಂಕಿಯಲ್ಲ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಒಕ್ಕೂಟದ ಓಕೊ ಉಪಗ್ರಹ ವ್ಯವಸ್ಥೆ ಮೋಡದ ಮೇಲೆ ಹೊಳೆದ ಬಿಸಿಲನ್ನು ಐದು ಕ್ಷಿಪಣಿಗಳೆಂದು ಎಣಿಸಿತು. ಕರ್ತವ್ಯದಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ. ಅಮೆರಿಕದಿಂದ ಕ್ಷಿಪಣಿ ಬರಲು ಅರ್ಧ ಗಂಟೆ ಬೇಕಿತ್ತು. ಅನುಮಾನಿಸಲು ಅವರಿಗೆ ಸಮಯವಿತ್ತು. ಲಾಹೋರಿಗೂ ಅಮೃತಸರಕ್ಕೂ ನಡುವೆ ಅಂಥ ಸಮಯ ಎಲ್ಲಿದೆ?

ಅದಕ್ಕೇ ನನಗೆ ಈ ಕಣ್ಣು ಬೇಕೆನ್ನಿಸುವುದು ಹೊಡೆದುರುಳಿಸುವುದಕ್ಕಿಂತ ಹೆಚ್ಚಾಗಿ, ‘ಏನೂ ಹಾರಿಲ್ಲ’ ಎಂದು ಖಚಿತವಾಗಿ ಹೇಳುವುದಕ್ಕೆ. ಅದರ ಮಾಹಿತಿ ನೇರವಾಗಿ ಪ್ರತಿದಾಳಿಯ ಗುಂಡಿಗೆ ಹೋಗಬಾರದು, ಮೊದಲು ರೇಡಾರಿನ ಸಾಕ್ಷ್ಯದ ಪಕ್ಕ ನಿಲ್ಲಬೇಕು. 2022ರ ಮಾರ್ಚ್ 9ರಂದು ನಮ್ಮದೇ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಬಳಿ ಬಿತ್ತು. ಅಂದು ಯಾರೂ ಅವಸರಪಡಲಿಲ್ಲ.