ಎತ್ತರಕ್ಕೆ ಬೇಕು ಎರಡನೇ ಸಾಕ್ಷಿ

ಮೋಡದೊಳಗೆ ಹಾರುವ ಪೈಲಟ್‌ಗೆ ಆಲ್ಟಿಮೀಟರ್ ತೋರಿಸಿದ್ದೇ ಎತ್ತರ. ಆದರೆ ಅದು ನಿಜಕ್ಕೂ ಅಳೆಯುವುದು ಗಾಳಿಯ ಒತ್ತಡವನ್ನು. ತುಂಬ ಮೇಲೆ ಹಾರುವಾಗ ಎಲ್ಲ ವಿಮಾನಗಳೂ 1013 ಹೆಕ್ಟೊಪಾಸ್ಕಲ್ ಇಟ್ಟುಕೊಂಡಿರುತ್ತವೆ. ಕೆಳಗಿಳಿಯುವಾಗ ಆ ಊರಿನ ಆ ಹೊತ್ತಿನ ಒತ್ತಡವನ್ನು ಕೇಳಿ ತಿಳಿದು ಹೊಂದಿಸಿಕೊಳ್ಳಬೇಕು. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಸುಮಾರು 28 ಅಡಿ ಏರುಪೇರು. ಎರಡು ತಪ್ಪಿದರೆ ನಮ್ಮ ಹುಳಿಯಾರಿನ ತೋಟದ ಹಳೇ ತೆಂಗಿನಮರದ ಎತ್ತರ.

ಇದಕ್ಕಿರುವ ಮುಖ್ಯ ಕಾವಲೆಂದರೆ, ಕಂಟ್ರೋಲರ್ ಹೇಳಿದ ಅಂಕಿಯನ್ನು ಪೈಲಟ್ ತಿರುಗಿ ಒಪ್ಪಿಸುವುದು. ನನ್ನ ತಕರಾರು ಇಲ್ಲೇ. ಒಪ್ಪಿಸಿದರೆ ಕಿವಿಗೆ ಸರಿಯಾಗಿ ಬಿದ್ದಿದೆಯೆಂದು ಖಾತ್ರಿಯಾಗುತ್ತದೆ, ಅಂಕಿಯೇ ಸರಿಯೆಂದಲ್ಲ. 2022ರ ಮೇ 23ರಂದು ಪ್ಯಾರಿಸ್‌ನಲ್ಲಿ ಇಳಿಯುತ್ತಿದ್ದ ಎ320 ವಿಮಾನಕ್ಕೆ 1001ರ ಬದಲು 1011 ಎಂದು ಹೇಳಲಾಯಿತು. ಪೈಲಟ್ 1011 ಎಂದೇ ಒಪ್ಪಿಸಿದರು, ಅದನ್ನೇ ಇಟ್ಟರು. ರನ್‌ವೇ ಇನ್ನೂ ಒಂದೂವರೆ ಕಿಲೋಮೀಟರ್‌ನಷ್ಟು ದೂರವಿರುವಾಗ ವಿಮಾನ ನೆಲಕ್ಕೆ ಬರೀ 6 ಅಡಿಯವರೆಗೆ ಇಳಿದು ಮೇಲೇರಿತು.

ಬೆಂಗಳೂರಿಗೆ ಅಂಥ ಅದೃಷ್ಟವಿರಲಿಲ್ಲ. ಅಲ್ಲಿ ತಪ್ಪಿದ್ದು ಒತ್ತಡದ ಅಂಕಿಯಲ್ಲ, ಗುಂಡಿಯಲ್ಲಿಟ್ಟ ಅಂಕಿ ಎನ್ನಲಾಗಿದೆ. 1990ರ ಫೆಬ್ರುವರಿ 14ರ ಮಧ್ಯಾಹ್ನ, ಆಕಾಶ ತಿಳಿಯಾಗಿತ್ತು. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ನಿಮಿಷಕ್ಕೆ 700 ಅಡಿಯಂತೆ ಇಳಿಯಬೇಕೆಂದು ತಿರುಗಿಸಹೋದವರ ಕೈ ಪಕ್ಕದ ಗುಂಡಿಗೆ ಹೋಗಿ, 700 ಅಡಿ ಎತ್ತರವೇ ಗುರಿಯಾಗಿ ಕೂತಿರಬೇಕು ಎಂಬುದು ತನಿಖೆ ಕಂಡ ಸಾಧ್ಯತೆ. ಆ ನಿಲ್ದಾಣವಿರುವುದೇ ಸಮುದ್ರಮಟ್ಟದಿಂದ 2,900 ಅಡಿ ಮೇಲೆ! ನೆಲದಡಿಯ ಗುರಿಯನ್ನು ಯಂತ್ರ ಮರುಮಾತಿಲ್ಲದೆ ಒಪ್ಪಿಕೊಂಡಿತು. ಎಂಜಿನ್‌ಗಳು ತೀರಾ ಕನಿಷ್ಠ ಶಕ್ತಿಗಿಳಿದವು. ಇದು ಗೊತ್ತಾದಾಗ ಪೈಲಟ್‌ಗಳು, ಹಾರುವ ದಾರಿ ತೋರುವ ಎರಡು ಫ್ಲೈಟ್ ಡೈರೆಕ್ಟರ್‌ಗಳಲ್ಲಿ ಒಂದನ್ನು ಬಂದ್ ಮಾಡಿದರು, ಇನ್ನೊಂದು ಹಾಗೇ ಉಳಿಯಿತು. ಎರಡೂ ಆರಿದ್ದರೆ ವೇಗ ಕಾಯುವ ಕೆಲಸಕ್ಕೆ ಎಂಜಿನ್ ತಾನಾಗಿ ಮರಳುತ್ತಿತ್ತು.

ನ್ಯಾಯಮೂರ್ತಿ ಶಿವಶಂಕರ ಭಟ್ಟರ ತನಿಖೆ, ನೆಲದಿಂದಿರುವ ಎತ್ತರವನ್ನೇ ಅಳೆಯುವ ರೇಡಿಯೊ ಆಲ್ಟಿಮೀಟರ್ ನಾನೂರು, ಮುನ್ನೂರು, ಇನ್ನೂರು ಎಂದು ಕೂಗಿದರೂ ಥ್ರಾಟಲ್ ತಕ್ಷಣ ಮುಂದೊತ್ತದ ಪೈಲಟ್‌ಗಳತ್ತ ಬೊಟ್ಟು ಮಾಡಿತು. ಅದು ಸುಳ್ಳಲ್ಲ. ಆದರೆ ಕೊನೆಯ ಸೆಕೆಂಡುಗಳ ತಪ್ಪಿಗೆ ಅಷ್ಟು ತೂಕ ಕೊಟ್ಟರೆ, ಆ ಸೆಕೆಂಡುಗಳಿಗೆ ತಂದು ನಿಲ್ಲಿಸಿದ ಗುಂಡಿಯ ಪಾಲು ಹಗುರಾಗಿಬಿಡುತ್ತದೆ. ರನ್‌ವೇ ಕಣ್ಣೆದುರಿಗಿದ್ದಾಗಲೇ ಹೀಗಾದರೆ ಮೋಡದೊಳಗಿನ ಪಾಡೇನು?

ಬ್ರಿಟನ್‌ನಲ್ಲಿ ಪೈಲಟ್ ಆರಿಸಿಕೊಂಡ ಎತ್ತರ ಕಂಟ್ರೋಲರ್ ಪರದೆಯ ಮೇಲೇ ಕಾಣುತ್ತದೆ. ಬಾಯಲ್ಲಿ ಒಂದು, ಗುಂಡಿಯಲ್ಲಿ ಇನ್ನೊಂದು ಇದ್ದರೆ ವಿಮಾನ ಅಲ್ಲಿಗೆ ಮುಟ್ಟುವ ಮೊದಲೇ ಸಿಕ್ಕಿಬೀಳುತ್ತದೆ. ಆಲ್ಟಿಮೀಟರ್‌ಗೆ ಇಟ್ಟ ಒತ್ತಡವನ್ನೂ ಅದೇ ದಾರಿಯಲ್ಲಿ ಕೆಳಗೆ ಕಳಿಸಬಹುದು. ಆ ಅಂಕಿಯನ್ನು ನಿಲ್ದಾಣದ ಮಾಪಕದ ಅಂಕಿಯೊಂದಿಗೆ ಯಂತ್ರವೇ ತಾಳೆ ನೋಡಬೇಕು. ಪ್ರಯಾಣಿಕರ ವಿಮಾನ ಇಳಿಯುವ ಪ್ರತಿ ನಿಲ್ದಾಣದಲ್ಲೂ ಇದು ಕಡ್ಡಾಯವಾಗಬೇಕು.