ಆರು ತಿಂಗಳ ಸೈಕ್ಲೋಸ್ಪೊರಿನ್

ಕಿಡ್ನಿ ಕಸಿ ಮಾಡಿಸಿಕೊಂಡವರನ್ನು ಮನೆಗೆ ಕಳಿಸುವಾಗಲೇ ಆಸ್ಪತ್ರೆಯವರು ಹೇಳಿರುತ್ತಾರೆ: ಈ ಮಾತ್ರೆ ಬದುಕಿರುವವರೆಗೂ ನುಂಗಬೇಕು, ಒಂದು ಹೊತ್ತೂ ತಪ್ಪಿಸಬಾರದು. ಬೇರೆಯವರ ಅಂಗಾಂಶದ ಮೇಲೆ ದೇಹ ತಿರುಗಿ ಬೀಳದಂತೆ ತಡೆಯುವ ಔಷಧ ಅದು. ಪಾರ್ಕಿನ್ಸನ್ ಕಾಯಿಲೆಗೆ ಭ್ರೂಣದ ನರಕೋಶಗಳನ್ನು ಮಿದುಳಿಗೆ ಕಸಿ ಮಾಡಿದ ಅಮೆರಿಕದ ಎರಡು ದೊಡ್ಡ ಪ್ರಯೋಗಗಳಲ್ಲಿ ಒಂದು ಈ ಬಗೆಯ ಔಷಧವನ್ನು ಕೊಟ್ಟದ್ದು ಆರು ತಿಂಗಳು. ಇನ್ನೊಂದು ಕೊಡಲೇ ಇಲ್ಲ. ಆ ಚಿಕಿತ್ಸೆ ಸೋತಿತು ಎಂಬ ಮಾತು ಹುಟ್ಟಿದ್ದು ಮುಖ್ಯವಾಗಿ ಈ ಎರಡರಿಂದ. ನನ್ನ ತಕರಾರು ಇರುವುದೂ ಅಲ್ಲೇ.

ಔಷಧ ಕೊಡದಿದ್ದದ್ದು ಕರ್ಟ್ ಫ್ರೀಡ್ ತಂಡ. 2001ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 40 ರೋಗಿಗಳಿದ್ದರು. ಅರ್ಧ ಜನಕ್ಕೆ ಕಸಿ. ಉಳಿದವರಿಗೆ ತಲೆಬುರುಡೆಯಲ್ಲಿ ತೂತು ಕೊರೆದು ಒಳಗೇನೂ ಹಾಕದ ಹುಸಿ ಶಸ್ತ್ರಚಿಕಿತ್ಸೆ. ಈ ಬಗೆಯ ಔಷಧವಾದ ಸೈಕ್ಲೋಸ್ಪೊರಿನ್ ಕೊಟ್ಟದ್ದು ವಾರೆನ್ ಒಲನೋ ತಂಡ. 34 ರೋಗಿಗಳು, ಎರಡು ವರ್ಷದ ನಿಗಾ, 2003ರ ವರದಿ. ಎರಡೂ ತಮ್ಮ ಮುಖ್ಯ ಗುರಿ ಮುಟ್ಟಲಿಲ್ಲ. ಆದರೆ ಒಲನೋ ವರದಿಯಲ್ಲಿ ಕಸಿ ಪಡೆದವರ ಸ್ಥಿತಿ ಆರರಿಂದ ಒಂಬತ್ತು ತಿಂಗಳವರೆಗೆ ಸುಧಾರಿಸುತ್ತದೆ, ಆಮೇಲೆ ಇಳಿಯುತ್ತದೆ. ಸೈಕ್ಲೋಸ್ಪೊರಿನ್ ನಿಂತದ್ದು ಆರನೇ ತಿಂಗಳಿಗೆ. ಇದನ್ನು ಲೇಖಕರೂ ಗಮನಿಸಿದ್ದಾರೆ. ಹಾಗಿದ್ದೂ ಹೊರಗಿನ ಚರ್ಚೆಯಲ್ಲಿ ಉಳಿದದ್ದು ಕೋಶಗಳ ಸೋಲು ಮಾತ್ರ.

ಮಿದುಳಿಗೆ ಇಷ್ಟು ಔಷಧ ಸಾಕು ಎಂಬ ಧೈರ್ಯ ಎಲ್ಲಿಂದ ಬಂತು? ರೋಗನಿರೋಧಕ ವ್ಯವಸ್ಥೆಯ ಕಾವಲು ಮಿದುಳಿನೊಳಗೆ ಅಷ್ಟಾಗಿ ನಡೆಯುವುದಿಲ್ಲ ಎಂಬ ಹಳೆಯ ನಂಬಿಕೆಯಿಂದ. ಅದರ ಬೆಂಬಲಕ್ಕೆ ಪೀಟರ್ ಮೆಡಾವರ್ 1948ರಲ್ಲಿ ಮೊಲಗಳ ಮೇಲೆ ಮಾಡಿದ ಪ್ರಯೋಗವನ್ನು ಹೇಳುವುದು ವಾಡಿಕೆ. ಒಂದು ಮೊಲದ ಚರ್ಮದ ಚೂರನ್ನು ಇನ್ನೊಂದರ ಮಿದುಳಿನಲ್ಲಿ ಇಟ್ಟರೆ ಅದು ಉಳಿಯಿತು. ಪ್ರಯೋಗದ ಉಳಿದರ್ಧವನ್ನು ಹೇಳುವವರು ಕಡಿಮೆ: ಆ ಮೊಲದ ಮೈಮೇಲೆ ಮೊದಲೇ ಪರರ ಚರ್ಮ ಕಸಿ ಮಾಡಿದ್ದರೆ ಮಿದುಳಿನೊಳಗಿನ ಚೂರೂ ನಾಶವಾಗುತ್ತಿತ್ತು. ಎಂದರೆ, ಶತ್ರುವಿನ ಗುರುತು ಹತ್ತಲು ಮಿದುಳಿನಲ್ಲಿ ತಡವಾಗಬಹುದು. ಒಮ್ಮೆ ಗುರುತು ಹತ್ತಿದ ಮೇಲೆ ಅಲ್ಲೂ ರಿಯಾಯಿತಿ ಇಲ್ಲ. ಮಿದುಳಿನ ಹೊದಿಕೆಯಲ್ಲೂ ರೋಗನಿರೋಧಕ ಕೋಶಗಳು ಸಾಗುವ ದುಗ್ಧನಾಳಗಳಿವೆ ಎಂದು 2015ರಲ್ಲಿ ಇಲಿಗಳಲ್ಲಿ ಕಂಡ ಮೇಲಂತೂ ಹಳೆಯ ನಂಬಿಕೆಯನ್ನು ಹಾಗೇ ಒಪ್ಪುವುದು ಕಷ್ಟ.

ಇದು ಮೊಲ, ಇಲಿಗಳ ಮಾತಾಯಿತು ಎನ್ನುವವರು ಹಂಟಿಂಗ್ಟನ್ ಕಾಯಿಲೆಗೆ ಭ್ರೂಣದ ಅಂಗಾಂಶ ಕಸಿ ಮಾಡಿದ ಫ್ರಾನ್ಸಿನ ತಂಡದ 2007ರ ವರದಿ ಓದಬೇಕು. ಅವರು ಪರೀಕ್ಷಿಸಿದ 13 ರೋಗಿಗಳಲ್ಲಿ ನಾಲ್ವರ ದೇಹ ದಾನಿಯ ಅಂಗಾಂಶವನ್ನು ಗುರುತು ಹಿಡಿದಿತ್ತು, ಆದರೆ ತಿರಸ್ಕಾರದ ಲಕ್ಷಣ ಇರಲಿಲ್ಲ. ಐದನೆಯವರಲ್ಲಿ ತಿರಸ್ಕಾರ ರಕ್ತದಲ್ಲೂ ಸ್ಕ್ಯಾನಿನಲ್ಲೂ ರೋಗಲಕ್ಷಣದಲ್ಲೂ ಕಂಡಿತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಟ್ಟರು. ತಿರಸ್ಕಾರ ಹಿಮ್ಮೆಟ್ಟಿತು, ಆರು ತಿಂಗಳೊಳಗೆ ಕಸಿಯಾದ ಭಾಗ ಮತ್ತೆ ಕೆಲಸ ಮಾಡತೊಡಗಿತು. ಒಬ್ಬರದೇ ಪ್ರಕರಣ ನಿಜ. ಆದರೆ ಔಷಧದಿಂದ ಹಿಂದಕ್ಕೆ ಸರಿದದ್ದನ್ನು ಕೋಶಗಳ ಹುಟ್ಟುದೋಷ ಎನ್ನಲಾಗದು.

ಹಾಗೆಂದು ಎಲ್ಲ ಸೋಲನ್ನೂ ತಿರಸ್ಕಾರದ ತಲೆಗೆ ಕಟ್ಟುವುದು ಇನ್ನೊಂದು ಅತಿ. ಔಷಧವೇ ಇಲ್ಲದ ಫ್ರೀಡ್ ರೋಗಿಗಳಲ್ಲೂ ಕಸಿ ಕೋಶಗಳು ಬದುಕಿದ್ದವು. ಒಲನೋ ಪ್ರಯೋಗದ ರೋಗಿಗಳ ಶವಪರೀಕ್ಷೆಯಲ್ಲಿ ಕಂಡ ಚಿತ್ರ ನನ್ನನ್ನು ಹೆಚ್ಚು ಕಾಡುತ್ತದೆ: ಡೋಪಮಿನ್ ನರಕೋಶಗಳು ಚೆನ್ನಾಗಿಯೇ ಉಳಿದಿವೆ, ಅವುಗಳ ಸುತ್ತ ಮಿದುಳಿನ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ಕೆರಳಿ ನೆರೆದಿವೆ. ಕೊಂದಿಲ್ಲ, ಆದರೆ ಸುಮ್ಮನೆ ಬಿಟ್ಟೂ ಇಲ್ಲ. ಕಿಡ್ನಿಯವರ ಅರ್ಥದ ತಿರಸ್ಕಾರ ಇದಲ್ಲ. ಕೋಶ ಬದುಕಿದೆಯೇ ಎಂದು ಎಣಿಸಿದರೆ ಸಾಲದು, ಕೆಲಸ ಮಾಡುತ್ತಿದೆಯೇ ಎಂದೂ ಕೇಳಬೇಕಿತ್ತು.

ಪಾರ್ಕಿನ್ಸನ್‌ಗೆ ಇದೇ ಬಗೆಯ ಕಸಿ ಮಾಡಿಸಿಕೊಂಡ ಸ್ವೀಡನ್ನಿನ ಲುಂಡ್ ಕೇಂದ್ರದ ರೋಗಿಗಳ ಕಥೆ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಲ್ಲಿ ಔಷಧವನ್ನು ನಿಲ್ಲಿಸಿದ್ದು ಸರಾಸರಿ 29 ತಿಂಗಳ ನಂತರ. ಕಸಿ ಉಳಿಯಿತು, ಚಲನೆಯೂ ಕೆಡಲಿಲ್ಲ. ಆದರೆ ಹಿಡಿತಕ್ಕೆ ಸಿಗದ ಕೈಕಾಲಿನ ಆಟ ಹೆಚ್ಚಿತು. ಕಸಿಯ ಸುತ್ತಲಿನ ಸಣ್ಣ ಉರಿಯೂತ ಇದಕ್ಕೆ ಕಾರಣ ಇರಬಹುದೆಂದು ಲೇಖಕರು ಊಹಿಸಿದರು. ಔಷಧವಿದ್ದ ಅವಧಿಯೂ ಬೇರೆ, ಅಂಗಾಂಶ ತಯಾರಿಸಿದ ಬಗೆಯೂ ಬೇರೆ. ಹೀಗಿರುವಾಗ ಲುಂಡ್ ಗೆದ್ದಿತು, ಅಮೆರಿಕ ಸೋತಿತು ಎಂದು ಪಕ್ಕಪಕ್ಕ ಇಟ್ಟು ತೂಗುವುದೇ ತಪ್ಪು ಲೆಕ್ಕ.

ಈಗ ಭ್ರೂಣದ ಜಾಗಕ್ಕೆ ಆಕರಕೋಶ ಬಂದಿದೆ. 2025ರಲ್ಲಿ ಕ್ಯೋಟೋದ ಏಳು ಮತ್ತು ಅಮೆರಿಕ–ಕೆನಡಾದ ಹನ್ನೆರಡು ರೋಗಿಗಳ ವರದಿಗಳು ಒಟ್ಟಿಗೇ ಹೊರಬಂದವು. ಎರಡನೆಯದರಲ್ಲಿ ಔಷಧ ಒಂದು ವರ್ಷ. 18ನೇ ತಿಂಗಳ ಸ್ಕ್ಯಾನಿನಲ್ಲೂ ಕೋಶಗಳ ಸುಳಿವಿತ್ತು. ಒಲನೋ ಪ್ರಯೋಗದ ಇಳಿಕೆ ಔಷಧ ನಿಂತ ಕೆಲವೇ ತಿಂಗಳಲ್ಲಿ ಶುರುವಾಗಿತ್ತಾದ್ದರಿಂದ ಇದು ನಿಜಕ್ಕೂ ಸಮಾಧಾನದ ಸುದ್ದಿ. ರೋಗಿಯ ಚರ್ಮದಿಂದಲೇ ಕೋಶ ಬೆಳೆಸಿ ಔಷಧವನ್ನೇ ತಪ್ಪಿಸಿದ ಉದಾಹರಣೆಯೂ 2020ರಲ್ಲಿ ಪ್ರಕಟವಾಗಿದೆ. ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕೋಶ ತಯಾರಿಸುವುದು ಸರಕಾರಿ ಆಸ್ಪತ್ರೆಗಳ ಕೈಗೆಟುಕುವ ಕೆಲಸವಲ್ಲ. ಸದ್ಯಕ್ಕೆ ಹೆಚ್ಚಿನವರಿಗೆ ಸಿಗುವುದು ಪರರ ಕೋಶ. ಹಾಗಾಗಿ ಮುಂದಿನ ದೊಡ್ಡ ಪ್ರಯೋಗಗಳು ಔಷಧ ನಿಲ್ಲಿಸುವ ಮೊದಲು ಮತ್ತು ನಿಲ್ಲಿಸಿದ ಮೇಲೆ ವರ್ಷಗಟ್ಟಲೆ, ದಾನಿಯ ವಿರುದ್ಧದ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕಬೇಕು. ರೋಗಿಯ ಸ್ಥಿತಿ ಇಳಿಮುಖವಾದರೆ ಕೋಶಗಳನ್ನು ದೂರುವ ಮೊದಲು, ಫ್ರಾನ್ಸಿನವರು ಮಾಡಿದಂತೆ, ಔಷಧವನ್ನು ಮತ್ತೆ ಕೊಟ್ಟು ನೋಡಬೇಕು.